ಸಾಯುವ ರಾಜ ಹೇಳಿದ್ದು, ರಾಣಿ ಕೇಳಿಸಿಕೊಂಡದ್ದು

‘ಹೌಸ್ ಆಫ್ ದಿ ಡ್ರ್ಯಾಗನ್’ ಧಾರಾವಾಹಿಯ ಮೊದಲ ಸೀಸನ್ನಿನ ಎಂಟನೇ ಕಂತು ಮುಗಿಯುವ ಹೊತ್ತಿಗೆ ರಾಜ ವಿಸೇರಿಸ್ ಸಾವಿನ ಹಾಸಿಗೆಯಲ್ಲಿದ್ದಾನೆ. ರೋಗ ಅವನ ಮುಖದ ಅರ್ಧವನ್ನು ತಿಂದುಹಾಕಿದೆ. ನೋವಿಗೆಂದು ಕುಡಿಸಿದ ಅಫೀಮಿನ ಮದ್ದು ಬುದ್ಧಿಯನ್ನು ಮಂಕು ಮಾಡಿದೆ. ಹಾಸಿಗೆಯ ಪಕ್ಕದಲ್ಲಿರುವವಳು ಮಗಳು ರೆನೀರಾ ಎಂದೇ ಅವನು ತಿಳಿದಿದ್ದಾನೆ. ಅವಳು ಹಿಂದಿನ ರಾತ್ರಿ ಕೇಳಿದ್ದ ಪ್ರಶ್ನೆಗೆ ಈಗ ಉತ್ತರ ಹೇಳುತ್ತಿದ್ದಾನೆ. ವೆಸ್ಟರಾಸನ್ನು ಗೆದ್ದು ವಂಶ ಕಟ್ಟಿದ ಏಗಾನ್ ಕಂಡ ಕನಸು, ಉತ್ತರದಿಂದ ಬರಲಿರುವ ಕತ್ತಲು, ಆ ಹೊತ್ತಿಗೆ ರಾಜ್ಯವನ್ನು ಒಟ್ಟಾಗಿ ಹಿಡಿದಿಡಬೇಕಾದ ರಾಜಕುಮಾರ, ಇಷ್ಟೂ ಅವನ ತೊದಲು ಮಾತಿನಲ್ಲಿ ಹಾದುಹೋಗುತ್ತವೆ. ಆದರೆ ಅಲ್ಲಿರುವವಳು ಹೆಂಡತಿ ಅಲಿಸೆಂಟ್. ಅವಳ ಹಿರಿಯ ಮಗನ ಹೆಸರೂ ಏಗಾನ್.

ರಾಜ ಕೊನೆಗೆ ಮನಸ್ಸು ಬದಲಿಸಿದ, ಮಗಳನ್ನು ಬಿಟ್ಟು ಮಗನಿಗೆ ಪಟ್ಟ ಕೊಟ್ಟ ಎಂದು ಅವಳು ತಿಳಿಯುತ್ತಾಳೆ. ಮುಂದಿನದೆಲ್ಲ ಯುದ್ಧ. ಬರಿಯ ಅಪಾರ್ಥದ ಮೇಲೆ ಇಷ್ಟು ದೊಡ್ಡ ದುರಂತವನ್ನು ನಿಲ್ಲಿಸಬಹುದೇ, ಇದು ಕಥೆ ಕಟ್ಟುವವರ ಸುಲಭದ ದಾರಿಯಲ್ಲವೇ ಎಂದು ಯಾರಾದರೂ ಕೇಳಬಹುದು. ನನಗೆ ಹಾಗನಿಸಿಲ್ಲ. ಇಡೀ ಧಾರಾವಾಹಿಯಲ್ಲಿ ನನ್ನನ್ನು ಮತ್ತೆ ಮತ್ತೆ ಎಳೆಯುವುದು ಇದೇ ದೃಶ್ಯ. ಅವಳು ತಪ್ಪಾಗಿ ಕೇಳಿಸಿಕೊಂಡಳೆ, ಬೇಕಾದ್ದನ್ನು ಕೇಳಿಸಿಕೊಂಡಳೆ? ಅವಳಿಗಾದರೂ ಅದು ಗೊತ್ತಿತ್ತೆ?

ಮೂಲ ಪುಸ್ತಕದಲ್ಲಿ ಈ ಪ್ರಸಂಗ ಇಲ್ಲ. ಜಾರ್ಜ್ ಆರ್. ಆರ್. ಮಾರ್ಟಿನ್ 2018ರಲ್ಲಿ ಪ್ರಕಟಿಸಿದ ‘ಫೈರ್ ಅಂಡ್ ಬ್ಲಡ್’ ಕಾದಂಬರಿಯಂತಲ್ಲ, ಇತಿಹಾಸದಂತೆ ಬರೆದ ಪುಸ್ತಕ. ಗಿಲ್ಡೇನ್ ಎಂಬ ಪಂಡಿತ ಎಷ್ಟೋ ಕಾಲದ ಮೇಲೆ ಹಳೆಯ ದಾಖಲೆಗಳನ್ನು ಎದುರಿಗಿಟ್ಟುಕೊಂಡು ಬರೆಯುತ್ತಾನೆ. ಅವನ ಆಕರಗಳೇ ಒಂದಕ್ಕೊಂದು ಒಪ್ಪುವುದಿಲ್ಲ. ಖಜಾನೆಯ ಮುದುಕ ಬೀಸ್ಬರಿ ಸತ್ತದ್ದು ಹೇಗೆ ಎಂಬುದಕ್ಕೇ ಮೂರು ಕಥೆಗಳಿವೆ. ರಾಜನ ಕಾವಲು ಪಡೆಯ ಕ್ರಿಸ್ಟನ್ ಕೋಲ್ ಅವನ ಕುತ್ತಿಗೆ ಕೊಯ್ದ ಎನ್ನುತ್ತಾನೆ ಒಬ್ಬ. ಕಿಟಕಿಯಿಂದ ಹೊರಗೆಸೆದ ಎನ್ನುತ್ತಾನೆ ಅರಮನೆಯ ವಿದೂಷಕ. ಕತ್ತಲ ಕೋಣೆಯಲ್ಲಿ ಶೀತ ಹತ್ತಿ ಸತ್ತ ಎನ್ನುತ್ತದೆ ಇನ್ನೊಂದು ದಾಖಲೆ. ಕಣ್ಣಿಗೆ ಕಂಡ ಸಾವಿನ ವಿಷಯದಲ್ಲೇ ಹೀಗಿರುವಾಗ, ರಾಣಿಯ ಎದೆಯಲ್ಲಿ ಇದ್ದದ್ದೇನು ಎಂದು ಆ ಪಂಡಿತ ಎಲ್ಲಿಂದ ತಿಳಿಯಬೇಕು? ಪುಸ್ತಕದ ಅಲಿಸೆಂಟ್ ರೆನೀರಾಳಿಗಿಂತ ಒಂಬತ್ತು ವರ್ಷ ದೊಡ್ಡವಳು, ಪಟ್ಟಕ್ಕಾಗಿ ಹೊಂಚಿದ ಮಲತಾಯಿ. ಧಾರಾವಾಹಿ ಅವರಿಬ್ಬರನ್ನು ಓರಗೆಯ ಗೆಳತಿಯರನ್ನಾಗಿ ಮಾಡಿತು, ಸಾವಿನ ಹಾಸಿಗೆಯ ಮಾತನ್ನು ಹೊಸದಾಗಿ ಸೇರಿಸಿತು. ಈ ಎರಡು ಬದಲಾವಣೆಗಳಿಂದ ಮಲತಾಯಿಯ ಹಳೆಯ ಕಥೆ ಹೋಗಿ, ಆತ್ಮಸಾಕ್ಷಿಯ ಕಥೆ ಬಂತು.

ಸಾಯುವ ರಾಜನ ಮಾತಿನ ಮೇಲೆ ಪಟ್ಟ ತಿರುಗುವುದು ಕಲ್ಪನೆಯ ಲೋಕಕ್ಕೇ ಸೀಮಿತವಲ್ಲ. ಮಾರ್ಟಿನ್ ಈ ಕಥೆಗೆ ಪ್ರೇರಣೆ ಪಡೆದದ್ದು 12ನೇ ಶತಮಾನದ ಇಂಗ್ಲೆಂಡಿನ ಅಂತರ್ಯುದ್ಧದಿಂದ. ಒಂದನೇ ಹೆನ್ರಿಯ ಏಕೈಕ ಔರಸ ಪುತ್ರ 1120ರಲ್ಲಿ ಹಡಗು ಮುಳುಗಿ ಸತ್ತ. ರಾಜ ತನ್ನ ಸಾಮಂತರಿಂದ ಮಗಳು ಮಟಿಲ್ಡಾಳ ಪರವಾಗಿ ಪ್ರಮಾಣ ಮಾಡಿಸಿದ. 1135ರ ಡಿಸೆಂಬರ್ 1ರಂದು ಹೆನ್ರಿ ತೀರಿಕೊಂಡ. ಅದೇ ತಿಂಗಳ 22ರಂದು, ತಾನೂ ಪ್ರಮಾಣ ಮಾಡಿದ್ದ ಸೋದರಳಿಯ ಸ್ಟೀಫನ್ ಕಿರೀಟ ಇಟ್ಟುಕೊಂಡಾಗಿತ್ತು. ಪ್ರಮಾಣ ಮುರಿಯಲು ಕಾರಣ ಬೇಕಲ್ಲ? ರಾಜ ಸಾಯುವಾಗ ಮನಸ್ಸು ಬದಲಿಸಿದ್ದ ಎಂದು ಹ್ಯೂ ಬೈಗಾಡ್ ಎಂಬ ಸರದಾರ ಆಣೆ ಮಾಡಿ ಹೇಳಿದ. ಅವನು ಆ ಹೊತ್ತಿಗೆ ಅಲ್ಲಿರಲೇ ಇಲ್ಲ ಎಂದು ಮಟಿಲ್ಡಾಳ ಕಡೆಯವರು ಮುಂದೆ ವಾದಿಸಿದರು. ಸುಮಾರು ಹದಿನೆಂಟು ವರ್ಷ ಆ ದೇಶ ಬೆಂದಿತು.

ಬೈಗಾಡ್‌ಗೂ ಅಲಿಸೆಂಟಳಿಗೂ ಇರುವ ವ್ಯತ್ಯಾಸ ಮುಖ್ಯವಾದದ್ದು. ಬೈಗಾಡ್ ಸುಳ್ಳು ಹೇಳಿದ್ದರೆ ಅವನನ್ನು ತಿಳಿಯುವುದು ಕಷ್ಟವೇನಲ್ಲ. ಸುಳ್ಳುಗಾರನಿಗೆ ತನ್ನ ಉದ್ದೇಶ ಗೊತ್ತಿರುತ್ತದೆ. ಅಲಿಸೆಂಟ್ ಸುಳ್ಳು ಹೇಳಲಿಲ್ಲ. ಅವಳಿಗೆ ಆ ಹೆಸರು ಕೇಳಿಸಿತ್ತು.

ಅರಮನೆ ಎಂದರೆ ಕಿವಿಗಳ ಜಾಗ. ಅಲ್ಲಿ ಮಾತಾಡಿದವನ ಉದ್ದೇಶಕ್ಕಿಂತ ಕೇಳಿಸಿಕೊಂಡವನ ಅಗತ್ಯ ದೊಡ್ಡದು. ಇದನ್ನು ಅಲಿಸೆಂಟ್ ಮೊದಲೇ ಕಲಿಯಬಹುದಿತ್ತು, ಏಕೆಂದರೆ ಅವಳ ಮಾತಿಗೂ ಒಮ್ಮೆ ಹೀಗೇ ಆಗಿತ್ತು. ರಾಜಧಾನಿಯಲ್ಲಿ ತನ್ನ ಪರ ನಿಲ್ಲುವವರು ಯಾರೂ ಇಲ್ಲ, ಅಪ್ಪ ಮತ್ತೆ ಮಹಾಮಂತ್ರಿಯಾಗಿ ಬಂದಿದ್ದರೆ ಎಂದು ಅವಳು ಊಟದ ಮೇಜಿನಲ್ಲಿ ಹಲುಬಿದ್ದನ್ನು ಲ್ಯಾರಿಸ್ ಸ್ಟ್ರಾಂಗ್ ಕೇಳಿಸಿಕೊಂಡ. ಆಗ ಮಹಾಮಂತ್ರಿಯಾಗಿದ್ದವನು ಲ್ಯಾರಿಸ್‌ನ ತಂದೆಯೇ. ಆ ತಂದೆಯನ್ನೂ ಸ್ವಂತ ಅಣ್ಣನನ್ನೂ ಅವನು ಹ್ಯಾರನ್‌ಹಾಲ್ ಕೋಟೆಯಲ್ಲಿ ಸುಟ್ಟು ಕೊಲ್ಲಿಸಿ, ರಾಣಿ ಬಯಸಿದ್ದನ್ನು ನೆರವೇರಿಸಿದೆ ಎಂಬಂತೆ ಬಂದು ನಿಂತ. ನಾನು ಇದನ್ನು ಬಯಸಿರಲಿಲ್ಲ ಎಂದು ಅವಳು ಬೆಚ್ಚಿದಳು. ಬಯಸಿರಲಿಲ್ಲ, ನಿಜ. ಆದರೆ ಅವಳ ಅಪ್ಪ ಮಹಾಮಂತ್ರಿಯಾಗಿ ಮರಳಿ ಬಂದ, ಲ್ಯಾರಿಸ್ ಅವಳ ಬಳಿಯೇ ಉಳಿದ. ಮಟಿಲ್ಡಾಳ ಮಗ ಎರಡನೇ ಹೆನ್ರಿ ಸಿಟ್ಟಿನಲ್ಲಿ ಆಡಿದ ಮಾತನ್ನು ಅಪ್ಪಣೆ ಎಂದು ತಿಳಿದ ನಾಲ್ವರು ಸರದಾರರು 1170ರ ಡಿಸೆಂಬರಿನಲ್ಲಿ ಕ್ಯಾಂಟರ್‌ಬರಿಯ ಇಗರ್ಜಿಯೊಳಗೆ ನುಗ್ಗಿ ಆರ್ಚ್‌ಬಿಷಪ್ ಬೆಕೆಟ್‌ನನ್ನು ಕೊಂದದ್ದು ನೆನಪಾಗುತ್ತದೆ. ಹೆನ್ರಿ ಆಡಿದ ಮಾತು ಯಾವುದು ಎಂಬುದರಲ್ಲಿ ಇಂದಿಗೂ ಒಮ್ಮತವಿಲ್ಲ. ಸತ್ತವನ ವಿಷಯದಲ್ಲಿ ಮಾತ್ರ ಗೊಂದಲವಿಲ್ಲ.

ಒಂಬತ್ತನೇ ಕಂತಿನಲ್ಲಿ ಧಾರಾವಾಹಿ ಇನ್ನೂ ಕಠಿಣವಾದ ಸತ್ಯವನ್ನು ತೋರಿಸುತ್ತದೆ. ರಾಜ ಸತ್ತ ಬೆನ್ನಿಗೇ ಅಲಿಸೆಂಟ್ ಮಂತ್ರಿಗಳ ಸಭೆಗೆ ಬರುತ್ತಾಳೆ, ಗಂಡನ ಕೊನೆಯ ಇಚ್ಛೆ ತಿಳಿಸುತ್ತಾಳೆ. ಆಗ ಗೊತ್ತಾಗುತ್ತದೆ, ಅವಳ ಅಪ್ಪ ಆಟೋ ಮತ್ತು ಉಳಿದವರು ಏಗಾನ್‌ಗೆ ಪಟ್ಟ ಕಟ್ಟುವ ಸಿದ್ಧತೆಯನ್ನು ಎಂದೋ ಮಾಡಿ ಇಟ್ಟಿದ್ದರು ಎಂದು. ಅವಳು ಹೊತ್ತು ತಂದ ಮಾತಿನ ಅಗತ್ಯವೇ ಅವರಿಗಿರಲಿಲ್ಲ. ಇದು ಕಳವು ಎಂದು ಎದ್ದುನಿಂತ ಬೀಸ್ಬರಿಯ ತಲೆಯನ್ನು ಕೋಲ್ ಮೇಜಿಗೆ ಅಪ್ಪಳಿಸುತ್ತಾನೆ. ಹೆಣ ಅಲ್ಲೇ ಇರುವಾಗ ಚರ್ಚೆ ಮುಂದುವರಿಯುತ್ತದೆ. ಕಾವಲು ಪಡೆಯ ಮುಖ್ಯಸ್ಥ ಹ್ಯಾರಲ್ಡ್ ವೆಸ್ಟರ್ಲಿಂಗ್ ಒಬ್ಬ ಮಾತ್ರ ಬಿಳಿ ನಿಲುವಂಗಿ ಕಳಚಿಟ್ಟು ಹೊರಗೆ ನಡೆಯುತ್ತಾನೆ. ಅವನ ಉದ್ದೇಶವೇನೆಂದು ಯಾರೂ ಹುಡುಕಬೇಕಾಗಿಲ್ಲ.

ಹಾಗಾದರೆ ಅಲಿಸೆಂಟಳಿಗೆ ಆ ಮಾತು ಯಾಕೆ ಬೇಕಿತ್ತು? ಅದಿಲ್ಲದೆ ಅವಳು ಆ ಕೋಣೆಯಲ್ಲಿ ಕೂರಲಾರಳು. ಆಟೋಗೆ ಅಧಿಕಾರವೊಂದೇ ಸಾಕು, ಮಗಳಿಗೆ ಧರ್ಮ ಬೇಕು. ತಾನು ಮಾಡುತ್ತಿರುವುದು ಗಂಡನ ಆಜ್ಞೆಯ ಪಾಲನೆ ಎಂದು ನಂಬಿದರೆ ಮಾತ್ರ ಅವಳು ಗೆಳತಿಯ ಪಟ್ಟವನ್ನು ಕಸಿಯಬಲ್ಲಳು. ತಾಯಿ ಸತ್ತ ಹುಡುಗಿಗೆ ತಾಯಿಯ ಉಡುಪನ್ನೇ ತೊಟ್ಟು ಹೆಂಡತಿ ಸತ್ತ ರಾಜನ ಕೋಣೆಗೆ ಹೋಗಿ ಬಾ ಎಂದು ಅಪ್ಪನೇ ಹೇಳಿದ್ದ. ಅಂದಿನಿಂದ ಅವಳ ಬದುಕೆಲ್ಲ ಇನ್ನೊಬ್ಬರ ಇಚ್ಛೆಯನ್ನು ಕರ್ತವ್ಯ ಎಂದು ಕರೆದುಕೊಂಡೇ ನಡೆದದ್ದು. ಉಗುರಿನ ಸುತ್ತಲ ಚರ್ಮವನ್ನು ರಕ್ತ ಬರುವ ತನಕ ಕೀಳುವ ಅವಳ ಅಭ್ಯಾಸವನ್ನು ಕ್ಯಾಮೆರಾ ಮತ್ತೆ ಮತ್ತೆ ತೋರಿಸುತ್ತದೆ. ಒಂದು ದಿನವಾದರೂ ಆ ಸಿಂಹಾಸನದ ಮೇಲೆ ನಿನ್ನನ್ನೇ ಕಲ್ಪಿಸಿಕೊಂಡಿದ್ದೀಯಾ ಎಂದು ಪಟ್ಟ ತಪ್ಪಿದ ರಾಜಕುಮಾರಿ ರೇನಿಸ್ ಕೇಳಿದಾಗ ಅಲಿಸೆಂಟಳಲ್ಲಿ ಉತ್ತರವಿಲ್ಲ. ತನಗಾಗಿ ಏನನ್ನೂ ಬಯಸಲು ಕಲಿಯದವಳಿಗೆ ಎಲ್ಲ ಬಯಕೆಯೂ ಬೇರೆಯವರ ಅಪ್ಪಣೆಯ ರೂಪದಲ್ಲೇ ಬರಬೇಕು. ಆ ರಾತ್ರಿಯೂ ಹಾಗೇ ಬಂತು.

ಅದರ ಕೆಳಗೆ ಭಯವೂ ಇತ್ತು. ರೆನೀರಾ ಪಟ್ಟಕ್ಕೆ ಬಂದರೆ ನಿನ್ನ ಮಕ್ಕಳನ್ನು ಉಳಿಸಲಾರಳು ಎಂದು ಆಟೋ ರಾಜಧಾನಿ ಬಿಡುವಾಗ ಅವಳ ಎದೆಯಲ್ಲಿ ಬಿತ್ತಿ ಹೋಗಿದ್ದ. ಕನ್ನಡದ ಓದುಗರಿಗೆ ಇಲ್ಲಿ ಕುವೆಂಪು ನೆನಪಾಗದೆ ಇರಲಾರರು. ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದಲ್ಲಿ ಅವರು ಮಂಥರೆಯ ಸಂಚಿಕೆಗೆ ‘ಮಮತೆಯ ಸುಳಿ ಮಂಥರೆ’ ಎಂದು ಹೆಸರಿಟ್ಟರು. ತಲೆಮಾರುಗಳಿಂದ ನಾವು ಕುಟಿಲೆ ಎಂದು ಬದಿಗೊತ್ತಿದವಳ ಒಳಗೆ ಅವರು ಪ್ರೀತಿಯನ್ನು ಕಂಡರು. ಪ್ರೀತಿ ಇದ್ದ ಮಾತ್ರಕ್ಕೆ ರಾಮ ಕಾಡಿಗೆ ಹೋಗುವುದು ತಪ್ಪಲಿಲ್ಲ, ದಶರಥ ಸಾಯುವುದೂ ತಪ್ಪಲಿಲ್ಲ. ಆದರೂ ಆ ದರ್ಶನದ ನಂತರ ಮಂಥರೆಯನ್ನು ಮೊದಲಿನಂತೆ ನೋಡಲು ಸಾಧ್ಯವಿಲ್ಲ. ಅಲಿಸೆಂಟಳನ್ನೂ ಅಷ್ಟೇ ಕರುಣೆಯಿಂದ ನೋಡಬೇಕೆಂದು ನನಗನಿಸುತ್ತದೆ. ಪಟ್ಟಾಭಿಷೇಕದ ಬೆನ್ನಿಗೇ ಅವಳು ರೆನೀರಾ ಇದ್ದ ಡ್ರ್ಯಾಗನ್‌ಸ್ಟೋನ್‌ಗೆ ಕಳಿಸಿದ್ದು ಬೆದರಿಕೆಯೊಂದನ್ನೇ ಅಲ್ಲ. ಬಾಲ್ಯದಲ್ಲಿ ರೆನೀರಾ ಪುಸ್ತಕದಿಂದ ಹರಿದುಕೊಟ್ಟಿದ್ದ ಹಾಳೆಯನ್ನೂ ಅಪ್ಪನ ಕೈಯಲ್ಲಿ ಕಳಿಸಿದಳು. ಅಷ್ಟು ವರ್ಷ ಅದನ್ನು ಜೋಪಾನ ಮಾಡಿದ್ದಳು.

ವಿಸೇರಿಸ್‌ನ ಪಾಲನ್ನು ಮರೆಯುವಂತಿಲ್ಲ. ಒಳ್ಳೆಯವನು ಎಂದು ಎಲ್ಲರೂ ಅವನನ್ನು ಪ್ರೀತಿಸುತ್ತಾರೆ, ಪ್ಯಾಡಿ ಕಾನ್ಸಿಡೀನ್ ಅಭಿನಯವೂ ಹಾಗಿದೆ. ಆದರೆ ಮಗಳಿಗೆ ಪಟ್ಟ ಘೋಷಿಸಿ, ಮತ್ತೆ ಮದುವೆಯಾಗಿ, ಗಂಡು ಮಕ್ಕಳನ್ನು ಪಡೆದು, ಮೊದಲ ಮಗನಿಗೆ ಏಗಾನ್ ಎಂದೇ ಹೆಸರಿಟ್ಟು, ಇಷ್ಟೆಲ್ಲದರ ನಡುವೆ ರಾಜ್ಯದ ಅತಿ ದೊಡ್ಡ ಗುಟ್ಟನ್ನು ಹೆಂಡತಿಗೆ ಒಂದು ದಿನವೂ ಹೇಳದೆ ಉಳಿದವನು ಅವನೇ. ಆ ಕನಸಿನ ಮಾತು ಕೆತ್ತಿದ್ದ ಕಠಾರಿ ಅವನ ಸೊಂಟದಲ್ಲಿತ್ತು. ಇನ್ನೊಬ್ಬ ಮಗ ಏಮಂಡ್‌ನ ಕಣ್ಣು ಹೋದ ರಾತ್ರಿ ಅಲಿಸೆಂಟ್ ಅದೇ ಕಠಾರಿ ಕಿತ್ತುಕೊಂಡು ರೆನೀರಾಳ ತೋಳು ಸೀಳಿದಳು. ಕೈಯಲ್ಲಿ ಹಿಡಿದದ್ದು ಏನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮನೆಯೊಳಗೆ ಜಗಳವಿಲ್ಲ ಎಂದು ತೋರಿದರೆ ಸಾಕು ಎಂದುಕೊಂಡ ಯಜಮಾನ, ಹೇಳಬೇಕಾದ್ದನ್ನು ನಾಲಿಗೆ ತಿರುಗದ ಹೊತ್ತಿಗೆ ಹೇಳಿದ.

ಇಷ್ಟರವರೆಗೆ ನಾನು ಅಲಿಸೆಂಟಳ ಪರ. ಎರಡನೇ ಸೀಸನ್ನಿನ ಮೂರನೇ ಕಂತಿನಲ್ಲಿ ಅದು ಬದಲಾಗುತ್ತದೆ. ರೆನೀರಾ ಸನ್ಯಾಸಿನಿಯ ವೇಷ ಹಾಕಿ, ಪ್ರಾಣ ಪಣವಿಟ್ಟು, ಸೆಪ್ಟ್ ಎಂದು ಕರೆಯುವ ಅವರ ಗುಡಿಯೊಳಗೆ ಬಂದು ಅಲಿಸೆಂಟಳ ಪಕ್ಕದಲ್ಲೇ ಮಂಡಿಯೂರುತ್ತಾಳೆ. ಅಪ್ಪ ನಿಜಕ್ಕೂ ಮನಸ್ಸು ಬದಲಿಸಿದನೆ ಎಂದು ಕೇಳುತ್ತಾಳೆ. ಅಲಿಸೆಂಟ್ ಪ್ರಾಮಾಣಿಕವಾಗಿ ಕೇಳಿಸಿಕೊಂಡದ್ದನ್ನು ಹೇಳುತ್ತಾಳೆ. ರೆನೀರಾ ಹಿಮ ಮತ್ತು ಬೆಂಕಿಯ ಆ ಹಳೆಯ ಕನಸಿನ ಹೆಸರೆತ್ತುತ್ತಾಳೆ. ಅಲಿಸೆಂಟ್ ಪಾತ್ರದ ಒಲಿವಿಯಾ ಕುಕ್ ಮುಖದ ಮೇಲೆ ಆಗ ಬರುವ ಬದಲಾವಣೆಯನ್ನು ನೋಡಬೇಕು. ಅವಳಿಗೆ ಅರ್ಥವಾಯಿತು. ಯಾವ ಏಗಾನ್ ಎಂಬುದು ಆ ಕ್ಷಣಕ್ಕೆ ಸ್ಪಷ್ಟವಾಯಿತು. ಆಮೇಲೆ ಅವಳು ಮಾಡಿದ್ದೇನು? ತಪ್ಪೇನೂ ಆಗಿಲ್ಲ, ಇನ್ನು ಕಾಲ ಮೀರಿತು ಎಂದು ಎದ್ದು ಹೊರಟಳು.

ಅವಳ ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು. ಆ ಹೊತ್ತಿಗೆ ರೆನೀರಾಳ ಮಗ ಸತ್ತಿದ್ದ, ಅಲಿಸೆಂಟಳ ಎಳೆಯ ಮೊಮ್ಮಗನ ಕತ್ತು ಕೊಯ್ದಾಗಿತ್ತು. ಕೋಲ್ ಸೈನ್ಯದೊಂದಿಗೆ ಹೊರಟಿದ್ದ, ಏಮಂಡ್ ಯಾರ ಮಾತನ್ನೂ ಕೇಳುವವನಲ್ಲ. ಸತ್ಯ ಹೇಳಿದ್ದರೂ ಯುದ್ಧ ನಿಲ್ಲುತ್ತಿತ್ತೇ ಎಂದರೆ ಅನುಮಾನವೇ. ಆದರೆ ಅವಳು ಸಭೆಗೆ ಹೋಗಿ ನಾನು ಕೇಳಿಸಿಕೊಂಡದ್ದು ತಪ್ಪು ಎಂದು ಒಮ್ಮೆಯೂ ಹೇಳಲಿಲ್ಲ. ಮುಂದಿನ ಕಂತಿನಲ್ಲಿ ಲ್ಯಾರಿಸ್‌ನ ಎದುರು, ವಿಸೇರಿಸ್‌ನ ಇಂಗಿತಕ್ಕೆ ಇದ್ದ ಬೆಲೆ ಅವನ ಜೊತೆಗೇ ಸತ್ತಿತು ಎಂಬರ್ಥದ ಮಾತಾಡುತ್ತಾಳೆ. ಗಂಡನ ಕೊನೆಯ ಇಚ್ಛೆ ಎಂದೇ ಮಗನಿಗೆ ಕಿರೀಟ ಇಡಿಸಿದವಳು ಈಗ ಆ ಇಚ್ಛೆಗೆ ಅರ್ಥವಿಲ್ಲ ಎನ್ನುತ್ತಾಳೆ. ಒಬ್ಬರ ಉದ್ದೇಶವನ್ನು ಅವರು ಕೆಲಸಕ್ಕೆ ಕೈಹಾಕಿದ ಹೊತ್ತಿನಲ್ಲಿ ಅಳೆಯಲು ಬಾರದು, ಅವರಿಗೂ ಅದು ಕಾಣದು. ಹಿಡಿದುಕೊಂಡ ಕಾರಣ ಸುಳ್ಳೆಂದು ಗೊತ್ತಾದ ಮೇಲೂ ಆ ಕೆಲಸವನ್ನು ಬಿಡುತ್ತಾರೋ ಇಲ್ಲವೋ, ನಾವು ನೋಡಬೇಕಾದ್ದು ಅಲ್ಲಿ.

ಎರಡನೇ ಸೀಸನ್ನಿನ ಕೊನೆಯಲ್ಲಿ ಅವಳು ಒಬ್ಬಳೇ ಡ್ರ್ಯಾಗನ್‌ಸ್ಟೋನ್‌ಗೆ ಬರುತ್ತಾಳೆ. ಅಷ್ಟರಲ್ಲಿ ರಾಜ್ಯಾಧಿಕಾರ ಏಮಂಡ್‌ನ ಕೈಗೆ ಹೋಗಿ, ಮಂತ್ರಿಸಭೆಯಲ್ಲಿ ಅವಳ ಜಾಗವೂ ಹೋಗಿತ್ತು. ನಗರದ ಬಾಗಿಲು ತೆರೆಸುತ್ತೇನೆ ಎನ್ನುತ್ತಾಳೆ. ಮಗನಿಗೆ ಬದಲು ಮಗ, ಏಗಾನ್‌ನ ತಲೆ ಬೇಕು ಎಂದು ರೆನೀರಾ ಕೇಳಿದಾಗ ಒಪ್ಪುತ್ತಾಳೆ. ಬಹಳ ಜನರಿಗೆ ಇದು ತಾಯಿಯ ದ್ರೋಹವಾಗಿ ಕಂಡಿತು. ನನಗೆ ಕಾಣುವುದು ಬೇರೆ. ಅವಳು ತನ್ನ ಬಾಯಿಂದ ತನ್ನದೇ ಬಯಕೆಯೊಂದನ್ನು ಹೇಳಿದ್ದು ಅಲ್ಲಿಯೇ ಮೊದಲು: ಇದೆಲ್ಲ ಬಿಟ್ಟು ದೂರ ಹೋಗಬೇಕು, ನೀನೂ ಬಾ ಎಂದು ರೆನೀರಾಳನ್ನು ಕರೆದಳು. ಅದಕ್ಕೆ ಯಾವ ರಾಜನ ಕೊನೆಯ ಮಾತೂ ಆಧಾರವಾಗಿರಲಿಲ್ಲ.

ಸಾವಿನ ಹಾಸಿಗೆಯ ಪಕ್ಕದಲ್ಲಿ ಕೇಳಿಸಿಕೊಂಡದ್ದಕ್ಕಾಗಿ ಅಲಿಸೆಂಟಳನ್ನು ನಾನು ದೂರಲಾರೆ. ಗುಡಿಯಿಂದ ಎದ್ದು ಹೋದದ್ದಕ್ಕೆ ಕ್ಷಮಿಸಲಾರೆ. ಅವಳು ಡ್ರ್ಯಾಗನ್‌ಸ್ಟೋನ್‌ನಲ್ಲಿ ಒಪ್ಪಿಕೊಂಡ ಬೆಲೆಯನ್ನು ತೆರಲು ಆಗಲೂ ಇಲ್ಲ, ಏಕೆಂದರೆ ಏಗಾನ್ ಅಷ್ಟು ಹೊತ್ತಿಗೆ ಲ್ಯಾರಿಸ್‌ನ ಜೊತೆ ನಗರ ಬಿಟ್ಟಾಗಿತ್ತು.