ಮುಗುಳ್ನಗೆಯ ಸತ್ಯಾಸತ್ಯ ವಿಚಾರ

ಮುಖವು ಮನಸ್ಸಿನ ಕನ್ನಡಿಯೆಂಬುದು ಎಲ್ಲ ನಾಡಿನವರೂ ಒಪ್ಪುವ ಮಾತು. ಆದರೆ ಆ ಕನ್ನಡಿಯನ್ನು ಯಾರ ಇದಿರಿಗೆ ಹಿಡಿಯಬೇಕು, ಯಾರ ಇದಿರಿಗೆ ಮರೆಮಾಡಬೇಕು ಎಂಬಲ್ಲಿ ಜನಾಂಗ ಜನಾಂಗಕ್ಕೂ ಭೇದವುಂಟು. ಅಮೇರಿಕೆಯ ಅಂಗಡಿಯನ್ನು ಹೊಕ್ಕ ಗಿರಾಕಿಯನ್ನು, ಅವನ ಹೆಸರು ಕುಲ ಒಂದನ್ನೂ ಅರಿಯದ ಮಾರಾಟಗಾರನು ಹಲ್ಲು ಕಾಣುವಂತೆ ನಕ್ಕು, ಕುಶಲವನ್ನು ಕೇಳಿ ಬರಮಾಡಿಕೊಳ್ಳುತ್ತಾನೆ. ರಷ್ಯಾದ ಅಂಗಡಿಯಲ್ಲಿಯಾದರೋ, ಬಹುಕಾಲದ ರೂಢಿಯಂತೆ, ಮಾರುವವನು ಗಂಭೀರವದನನಾಗಿ ಏನು ಬೇಕೆಂದು ಕೇಳಿ, ಕೊಟ್ಟು, ಹಣವನ್ನೆಣಿಸಿಕೊಂಡು ಮುಂದಿನವನ ಕಡೆಗೆ ತಿರುಗುತ್ತಾನೆ. ಮೊದಲನೆಯವನನ್ನು ಕಂಡ ರಷ್ಯಾದವನು ‘ಇವನ ನಗೆ ಹುಸಿ’ ಎನ್ನುತ್ತಾನೆ. ಎರಡನೆಯವನನ್ನು ಕಂಡ ಅಮೇರಿಕೆಯವನು ‘ಇವನ ಎದೆ ಕಲ್ಲು’ ಎನ್ನುತ್ತಾನೆ. ಈ ಎರಡು ತೀರ್ಪುಗಳಲ್ಲಿ ಯಾವುದು ದಿಟ? ಒಳಗು ಹೊರಗು ಒಂದಾಗಿರಬೇಕೆಂಬುದನ್ನು ಬಾಲ್ಯದಿಂದ ಕೇಳುತ್ತ ಬಂದಿರುವ ನಮಗೆ ರಷ್ಯಾದವನ ಪಕ್ಷವೇ ಒಡನೆ ರುಚಿಸುವುದು ಸಹಜ. ಅಷ್ಟು ಅವಸರದಿಂದ ಒಪ್ಪತಕ್ಕುದಲ್ಲವೆಂದು ತೋರುವುದರಿಂದ ಈ ವಿಚಾರವನ್ನು ಇಲ್ಲಿ ಎತ್ತಿಕೊಂಡಿದೆ.

ರಷ್ಯಾದವರು ನಗಲರಿಯದವರಲ್ಲ. ಗೋಗೋಲ್, ಚೆಕೋವ್ ಮೊದಲಾದವರನ್ನು ಹೆತ್ತ ನಾಡು ಹಾಸ್ಯವನ್ನರಿಯದೆಂದು ಯಾರು ಹೇಳಬಲ್ಲರು? ಆದರೆ ಅವರಲ್ಲಿ ನಗೆಗೆ ಕಾರಣವಿರಬೇಕು. ಆ ಕಾರಣವು ಇದಿರಿನವನಿಗೂ ತಿಳಿಯುವಂತಿರಬೇಕು. ಕಾರಣವಿಲ್ಲದೆ ನಗುವುದು ಮೂಢನ ಲಕ್ಷಣವೆಂಬ ಅರ್ಥದ ಗಾದೆಯೊಂದು ಅವರಲ್ಲಿ ಮನೆಮಾತಾಗಿದೆ. ವೊರೋನೆಝ್ ಪಟ್ಟಣದ ಭಾಷಾಶಾಸ್ತ್ರಜ್ಞರಾದ ಇಯೋಸಿಫ್ ಸ್ಟೆರ್ನಿನ್ ಎಂಬವರು ತಮ್ಮ ಜನರ ಮುಗುಳ್ನಗೆಯನ್ನು ಕುರಿತೇ ವಿಚಾರಮಾಡಿ ಬರೆದಿದ್ದಾರೆ. ಅವರ ಅಭಿಪ್ರಾಯದಂತೆ ರಷ್ಯಾದಲ್ಲಿ ಮುಗುಳ್ನಗೆಯು ಮರ್ಯಾದೆಯ ಗುರುತಲ್ಲ, ಆತ್ಮೀಯತೆಯ ಗುರುತು. ಅದು ಪರಿಚಿತರಿಗೆ ಸಲ್ಲುವುದು, ಅಪರಿಚಿತರಿಗೆ ಸಲ್ಲದು. ಕರ್ತವ್ಯದಲ್ಲಿ ತೊಡಗಿದವನು ನಗುವುದು ಕೆಲಸವನ್ನು ಹಗುರಾಗಿ ಕಂಡಂತೆ. ಆದುದರಿಂದಲೇ ಸುಂಕದ ಕಟ್ಟೆಯವನೂ ಅಂಗಡಿಯವನೂ ಮುಖವನ್ನು ಬಿಗಿಹಿಡಿದಿರುತ್ತಾರೆ. ಮನಸ್ಸಿಲ್ಲದೆ ಉಪಚಾರಕ್ಕಾಗಿ ನಗುವ ನಗೆಗೆ ಅವರ ಭಾಷೆಯಲ್ಲಿ ‘ದೆಝುರ್ನಯಾ ಉಲೀಬ್ಕಾ’ ಎಂದು ಹೆಸರು. ಎಂದರೆ ಪಾಳಿಯ ನಗೆ. ಕಾವಲುಗಾರನು ತನ್ನ ಸರದಿ ಬಂದಾಗ ಬಾಗಿಲಲ್ಲಿ ನಿಲ್ಲುವಂತೆ ಮುಖದ ಮೇಲೆ ಪಾಳಿಗೆ ನಿಂತ ನಗೆಯದು. ಈ ಹೆಸರಿನಲ್ಲಿ ಮೆಚ್ಚುಗೆಯಿಲ್ಲವೆಂಬುದು ಸ್ಪಷ್ಟ. ಅವರ ನಗೆಯಲ್ಲಿ ತುಟಿ ಅರಳಿದರೂ ಹಲ್ಲು ಅಷ್ಟಾಗಿ ತೋರದೆಂದೂ ಆ ವಿದ್ವಾಂಸರು ಹೇಳುತ್ತಾರೆ. ಭರತಮುನಿಯ ನಾಟ್ಯಶಾಸ್ತ್ರವು ಹಾಸ್ಯವನ್ನು ಆರು ಬಗೆಯಾಗಿ ವಿಂಗಡಿಸಿ, ಉತ್ತಮ ಪ್ರಕೃತಿಯವರಿಗೆ ಸಲ್ಲುವ ಸ್ಮಿತದಲ್ಲಿ ಕೆನ್ನೆಗಳು ತುಸು ಅರಳಬೇಕು, ದಂತಗಳು ಕಾಣಕೂಡದು ಎಂದು ನಿಯಮಿಸಿರುವುದನ್ನು ಬಲ್ಲವರಿಗೆ ಈ ಹೊಂದಿಕೆಯು ಸೋಜಿಗವನ್ನುಂಟುಮಾಡದಿರದು.

ಇನ್ನು ಅಮೇರಿಕೆಯವರ ಪಕ್ಷವನ್ನೂ ನ್ಯಾಯವಾಗಿ ಕೇಳಬೇಕು. ಆ ದೇಶವು ನಾನಾ ನಾಡುಗಳಿಂದ, ನಾನಾ ಭಾಷೆಗಳಿಂದ ಬಂದವರು ಕೂಡಿ ಕಟ್ಟಿದುದು. ಮಾತು ತಿಳಿಯದ ಇಬ್ಬರು ಬೀದಿಯಲ್ಲಿ ಸಂಧಿಸಿದಾಗ ‘ನನ್ನಿಂದ ನಿನಗೆ ಕೇಡಿಲ್ಲ’ ಎಂದು ತಿಳಿಸಲು ಮುಖವಲ್ಲದೆ ಬೇರಾವ ಸಾಧನವಿದೆ? ಹಲವು ದೇಶಗಳಿಂದ ಜನರು ಬಂದು ನೆಲಸಿದ ನಾಡುಗಳಲ್ಲಿ ನಗೆಯು ಹೆಚ್ಚಾಗಿ ಹೊರಗೆ ತೋರುತ್ತದೆಂದು 2015ರಲ್ಲಿ ಪ್ರಕಟವಾದ ಒಂದು ಸಂಶೋಧನೆಯೂ ಕಂಡುಕೊಂಡಿತು. ಅವರ ಮುಗುಳ್ನಗೆ ಸ್ನೇಹದ ಮಾತಲ್ಲ, ಅಭಯದ ಸನ್ನೆ. ಆ ಸನ್ನೆಯ ಅರ್ಥವನ್ನು ಕೊಡುವವನೂ ಬಲ್ಲ, ಕೊಳ್ಳುವವನೂ ಬಲ್ಲ. ಇಬ್ಬರೂ ಬಲ್ಲ ಸನ್ನೆಯಲ್ಲಿ ವಂಚನೆಗೆ ಎಡೆಯೆಲ್ಲಿ? ನಾವು ದಾರಿಯಲ್ಲಿ ಕಂಡವರಿಗೆಲ್ಲ ಕೈಮುಗಿದು ‘ಶರಣು’ ಎನ್ನುತ್ತೇವೆ. ಪ್ರತಿಯೊಂದು ಸಲವೂ ಎದೆಯಲ್ಲಿ ಭಕ್ತಿಯು ಉಕ್ಕಿಬಂದಿರುವುದೆಂದು ಯಾರಾದರೂ ಪ್ರಮಾಣಮಾಡಿ ಹೇಳುವರೆ? ಹಾಗೆಂದು ಆ ಕೈಮುಗಿತವನ್ನು ಸುಳ್ಳೆನ್ನುವುದಿಲ್ಲ. ಹೀಗಿರುವಲ್ಲಿ ಪರದೇಶದವನ ನಗೆಯನ್ನು ಮಾತ್ರ ಕಪಟವೆನ್ನುವುದು ನ್ಯಾಯವಲ್ಲ. ಪಾಶ್ಚಾತ್ಯರೆಲ್ಲರೂ ಈ ವಿಷಯದಲ್ಲಿ ಒಂದೇ ಎಂದೂ ಭಾವಿಸಬಾರದು. ಅಮೇರಿಕೆಯ ವಾಲ್‌ಮಾರ್ಟ್ ಎಂಬ ದೊಡ್ಡ ವ್ಯಾಪಾರ ಸಂಸ್ಥೆಯು 1997ರಲ್ಲಿ ಜರ್ಮನಿಯನ್ನು ಹೊಕ್ಕು, ತನ್ನ ನಗೆಯ ಉಪಚಾರವನ್ನೂ ಅಲ್ಲಿಗೆ ಕೊಂಡೊಯ್ದಿತು. ಜರ್ಮನರಿಗೆ ಅದು ಹಿಡಿಸಲಿಲ್ಲ. ಗಿರಾಕಿಗಳಲ್ಲಿ ಕೆಲವರು ಆ ನಗೆಗೆ ಬೇರೆಯೇ ಅರ್ಥವನ್ನು ಕಲ್ಪಿಸಿಕೊಂಡರು. ಬೇರೆ ಕಾರಣಗಳೂ ಸೇರಿ 2006ರಲ್ಲಿ ಆ ಸಂಸ್ಥೆಯು ಅಲ್ಲಿಯ ಅಂಗಡಿಗಳನ್ನು ಮಾರಿ ಹೊರಡಬೇಕಾಯಿತು.

ಹಾಗಾದರೆ ರಷ್ಯಾದ ಅಂಗಡಿಯವನ ಗಂಭೀರ ಮುಖವೆಲ್ಲವೂ ಸತ್ಯನಿಷ್ಠೆಯ ಫಲವೋ? ಇದನ್ನು ತುಸು ಬಿಡಿಸಿ ನೋಡಬೇಕಾಗಿದೆ. ಸೋವಿಯೆತ್ ಆಳಿಕೆಯ ಕಾಲದಲ್ಲಿ ಅಂಗಡಿಯು ಸರ್ಕಾರದ್ದು, ಬೆಲೆಯು ಸರ್ಕಾರ ಕಟ್ಟಿದುದು, ಸರಕು ಯಾವಾಗಲೂ ಕೊರತೆ. ಗಿರಾಕಿಯು ಮೊದಲು ಒಂದು ಸಾಲಿನಲ್ಲಿ ನಿಂತು ವಸ್ತುವನ್ನು ಆರಿಸಬೇಕು. ಎರಡನೆಯ ಸಾಲಿನಲ್ಲಿ ನಿಂತು ಹಣಕಟ್ಟಿ ಚೀಟಿಯನ್ನು ಪಡೆಯಬೇಕು. ಮರಳಿ ಮೂರನೆಯ ಸಾಲಿನಲ್ಲಿ ನಿಂತು ಚೀಟಿಯನ್ನು ತೋರಿಸಿ ವಸ್ತುವನ್ನು ಪಡೆಯಬೇಕು. ದೂರು ಬರೆಯಲು ಅಂಗಡಿಯಲ್ಲಿ ಪುಸ್ತಕವೊಂದನ್ನು ಇಡಬೇಕೆಂಬ ನಿಯಮವೂ ಇದ್ದಿತು. ಗಿರಾಕಿಯು ಬಂದರೆ ಮಾರುವವನಿಗೆ ಲಾಭವಿಲ್ಲ, ಬಾರದಿದ್ದರೆ ನಷ್ಟವಿಲ್ಲ; ಆದರೆ ಕೊಡುವ ಅಧಿಕಾರವು ಅವನ ಕೈಯಲ್ಲಿ. ಒಳ್ಳೆಯ ಸರಕು ಕಟ್ಟೆಯ ಮೇಲಕ್ಕೆ ಬಾರದೆ ಕಟ್ಟೆಯ ಕೆಳಗಿನಿಂದಲೇ ಪರಿಚಿತರ ಕೈ ಸೇರುತ್ತಿದ್ದಿತು. ಅಪರಿಚಿತರಿಗೆ ನಗೆಯಿಲ್ಲವೆಂಬ ರೂಢಿಯು ಹೀಗೆ ಅಪರಿಚಿತರಿಗೆ ಸರಕೂ ಇಲ್ಲವೆಂಬಲ್ಲಿಗೆ ಬಂದು ನಿಂತಿತು. ಒಳಗಿಲ್ಲದುದನ್ನು ಹೊರಗೆ ತೋರಿಸುವುದಿಲ್ಲವೆಂಬ ನಿಲುವು ಘನವಾದುದೇ ಸರಿ. ಆದರೆ ಒಳಗೆ ಏತಕ್ಕೆ ಇಲ್ಲವೆಂಬ ಪ್ರಶ್ನೆಯಿಂದ ಅದು ತಪ್ಪಿಸಿಕೊಳ್ಳಲಾರದು. ಸಿಡುಕು ಮೋರೆಯೂ ಎಷ್ಟೋ ಸಲ ಒಂದು ವೇಷವೇ.

1990ನೆಯ ಇಸವಿ ಜನವರಿ 31ರಂದು ಮಾಸ್ಕೋ ನಗರದ ಪೂಷ್ಕಿನ್ ಚೌಕದಲ್ಲಿ ಮ್ಯಾಕ್‌ಡೊನಾಲ್ಡ್ಸ್ ಎಂಬ ಅಮೇರಿಕೆಯ ಭೋಜನಶಾಲೆಯು ತೆರೆಯಿತು. ಮೊದಲನೆಯ ದಿನವೇ ಅಲ್ಲಿ ಉಂಡವರು 30,000ಕ್ಕೂ ಮಿಕ್ಕವರು. ಅಲ್ಲಿ ಕೆಲಸಕ್ಕೆ ಸೇರಿದ ತರುಣ ತರುಣಿಯರಿಗೆ ಅಡಿಗೆಯ ಕೆಲಸದೊಡನೆ ಗಿರಾಕಿಯ ಮುಖವನ್ನು ನೋಡಿ ನಗುವುದನ್ನೂ ಕಲಿಸಿದರು. ಸಾಲಿನಲ್ಲಿ ನಿಂತು ನಿಂತು ಸೋತಿದ್ದ ಮಾಸ್ಕೋ ಜನರಲ್ಲಿ ಕೆಲವರು ತಮ್ಮನ್ನು ಪರಿಹಾಸ್ಯಮಾಡುತ್ತಿರುವರೇ ಎಂದು ಬೆರಗಾದರಂತೆ. ಹಲವರಿಗೆ ಅದು ಹಿತವಾಯಿತು. ಹಿತವಾದುದಕ್ಕೆ ಕಾರಣವು ನಗೆಯೊಂದೇ ಆಗಿರಲಾರದು. ಕೇಳಿದ ಪದಾರ್ಥವು ಇದ್ದಿತು, ಬಂದ ಎಲ್ಲರಿಗೂ ಒಂದೇ ರೀತಿಯಲ್ಲಿ ದೊರೆಯಿತು, ಯಾರ ಪರಿಚಯವೂ ಬೇಕಾಗಲಿಲ್ಲ. ಯುಕ್ರೇನಿನ ಮೇಲಣ ಯುದ್ಧವು ಮೊದಲಾದ ಮೇಲೆ 2022ರಲ್ಲಿ ಆ ಸಂಸ್ಥೆಯು ರಷ್ಯಾವನ್ನು ಬಿಟ್ಟಿತು. ಭೋಜನಶಾಲೆಗಳು ಅಲ್ಲಿಯವನೊಬ್ಬನ ಒಡೆತನಕ್ಕೆ ಸೇರಿ ಬೇರೆ ಹೆಸರಿನಿಂದ ತೆರೆದವು. ಇದಕ್ಕೆ ಮುಂಚೆ, 2018ರಲ್ಲಿ ಕಾಲ್ಚೆಂಡಿನ ವಿಶ್ವಸ್ಪರ್ಧೆಯು ರಷ್ಯಾದಲ್ಲಿ ನಡೆದಾಗ, ಪರದೇಶದ ಪ್ರಯಾಣಿಕರು ಅಳುಕಬಾರದೆಂದು ರೈಲ್ವೆಯ ನೌಕರರಿಗೆ ನಗುವ ಶಿಕ್ಷಣವನ್ನು ಕೊಡಿಸಿದುದೂ ಉಂಟು. ಮಕ್ಕಳಿಗೆ ಮಗ್ಗಿಯನ್ನು ಬಾಯಿಪಾಠ ಮಾಡಿಸುವ ನಮ್ಮಂಥ ಉಪಾಧ್ಯಾಯರಿಗೆ ಇಂಥ ಪಾಠದ ಪರೀಕ್ಷೆಯು ಹೇಗೆ ನಡೆಯಿತೋ ಎಂಬ ಕುತೂಹಲವಾಗುತ್ತದೆ.

ಇಲ್ಲಿಗೆ ಪ್ರಶ್ನೆಯ ಮರ್ಮಸ್ಥಾನಕ್ಕೆ ಬಂದೆವು. ತಾನಾಗಿ ಕೊಡುವ ಉಪಚಾರದ ನಗೆಯಲ್ಲಿ ಸುಳ್ಳಿಲ್ಲವೆಂದು ಒಪ್ಪಿದುದಾಯಿತು. ಯಜಮಾನನ ಅಪ್ಪಣೆಯಿಂದ, ಸಂಬಳಕ್ಕೆ ಪ್ರತಿಯಾಗಿ ಕೊಡುವ ನಗೆಯ ಗತಿಯೇನು? ಅಮೇರಿಕೆಯ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಎಂಬಾಕೆಯು 1983ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಮಾನಗಳಲ್ಲಿ ಪ್ರಯಾಣಿಕರನ್ನು ಉಪಚರಿಸುವ ಹೆಂಗಸರ ಬಾಳನ್ನು ಪರಿಶೀಲಿಸಿದ್ದಾಳೆ. ಅವರಿಗೆ ನಗುವುದು ಕೆಲಸದ ಒಂದು ಅಂಗ. ತುಟಿಯಿಂದ ಮಾತ್ರವಲ್ಲ, ಮನಸ್ಸಿನಿಂದಲೇ ನಗುವಂತೆ ಅವರಿಗೆ ಶಿಕ್ಷಣ. ದೀರ್ಘ ಪ್ರಯಾಣವು ಮುಗಿದ ಮೇಲೂ ಆ ಬಲವಂತದ ಉಲ್ಲಾಸದಿಂದ ಬಿಡಿಸಿಕೊಳ್ಳಲಾರದೆ, ತಮಗೆ ನಿಜವಾಗಿ ಸಂತೋಷವಾಗಿದೆಯೋ ಇಲ್ಲವೋ ಎಂಬುದೇ ತಿಳಿಯದೆ ಬಳಲಿದವರು ಅವರಲ್ಲಿದ್ದರು. 1998ರಲ್ಲಿ ಅಮೇರಿಕೆಯ ಸೇಫ್‌ವೇ ಎಂಬ ಅಂಗಡಿಗಳ ಸಂಸ್ಥೆಯಲ್ಲಿ, ಗಿರಾಕಿಯ ಕಣ್ಣನ್ನು ನೋಡಿ ನಗಬೇಕೆಂಬ ಕಟ್ಟಳೆಯ ಮೇಲೆ ಕೆಲವು ಮಂದಿ ಹೆಂಗಸರು ದೂರುಕೊಟ್ಟರು. ಗಂಡಸರು ಕೆಲವರು ಆ ನಗೆಯನ್ನು ಆಹ್ವಾನವೆಂದು ತಿಳಿದು ಬೆನ್ನುಹತ್ತುತ್ತಾರೆ, ನಗದಿದ್ದರೆ ಮೇಲಿನವರ ಆಗ್ರಹ, ಎಂಬುದು ಅವರ ಸಂಕಟ. ಇಲ್ಲಿ ನಗೆಯ ಸನ್ನೆಯ ಅರ್ಥವು ಕೆಟ್ಟಿತು. ಅದರ ದಂಡವನ್ನು ತೆತ್ತವಳು ಮಾತ್ರ ಕಟ್ಟಳೆಯನ್ನು ಮಾಡಿದವಳಲ್ಲ.

ಫ್ರಾನ್ಸಿನ ವೈದ್ಯನಾದ ಡ್ಯೂಶೆನ್ 1862ರಲ್ಲಿಯೇ ಮುಖದ ಸ್ನಾಯುಗಳನ್ನು ವಿದ್ಯುತ್ತಿನಿಂದ ಪರೀಕ್ಷಿಸಿ ನಗೆಯಲ್ಲಿ ಎರಡು ಕೆಲಸಗಳುಂಟೆಂದು ತೋರಿಸಿದನು. ತುಟಿಯ ತುದಿಯನ್ನು ಮೇಲಕ್ಕೆಳೆಯುವ ಸ್ನಾಯುವು ನಮ್ಮ ಇಚ್ಛೆಗೆ ಒಳಪಟ್ಟುದು. ಕಣ್ಣಿನ ಸುತ್ತಣ ಸ್ನಾಯುವು ಸಾಮಾನ್ಯವಾಗಿ ಅಷ್ಟು ಸುಲಭವಾಗಿ ಅಪ್ಪಣೆಗೆ ಬಗ್ಗದು. ಸಂಬಳ ಕೊಡುವ ಒಡೆಯನು ಕೊಳ್ಳಬಲ್ಲುದು ತುಟಿಯನ್ನು ಮಾತ್ರವೆಂದಾಯಿತು. ಕಣ್ಣನ್ನೂ ಕೊಡೆಂದು ಅವನು ಕೇಳತೊಡಗಿದಾಗ ಕೆಲಸದವನು ಒಂದೋ ಹುಸಿಯಬೇಕು, ಇಲ್ಲವೆ ತನ್ನನ್ನು ತಾನೇ ನಂಬಿಸಿಕೊಳ್ಳಬೇಕು. ಕಾಯಕ ಮಾಡುವವನು ಗಿರಾಕಿಗೆ ಸಲ್ಲಿಸಬೇಕಾದ ಋಣಗಳು ಹಲವಿವೆ: ಸರಿಯಾದ ತೂಕ, ಸುಳ್ಳಿಲ್ಲದ ಬೆಲೆ, ಕೇಳಿದ್ದಕ್ಕೆ ಉತ್ತರ, ಬಡವ ಬಲ್ಲಿದರಲ್ಲಿ ಒಂದೇ ತಾಳ್ಮೆ. ಇವುಗಳಲ್ಲಿ ಕೊರತೆಯಾದರೆ ಗಿರಾಕಿಯು ಕೇಳಲು ಹಕ್ಕುಳ್ಳವನು. ಸೋವಿಯೆತ್ ಅಂಗಡಿಯವನು ತಪ್ಪಿದುದು ಇಲ್ಲಿಯೇ ಹೊರತು ನಗದಿದ್ದುದರಲ್ಲಿ ಅಲ್ಲ. ನಗೆಯಾದರೋ ಋಣದ ಲೆಕ್ಕಕ್ಕೆ ಬಾರದು. ಬಂದರೆ ಸಂತೋಷ, ಬಾರದಿದ್ದರೆ ದೂರಿಲ್ಲ. ಅಂಗಡಿಯನ್ನಿಟ್ಟು ಆಳುಗಳನ್ನಿರಿಸಿಕೊಂಡಿರುವ ಗೃಹಸ್ಥರು ನಮ್ಮ ವಾಚಕರಲ್ಲಿ ಅನೇಕರಿದ್ದಾರೆ. ಬೆಳಗಿನಿಂದ ನಿಂತ ಕಾಲಿನಲ್ಲಿರುವ ಹುಡುಗನಿಗೆ ‘ನಗುತ್ತಿರು’ ಎಂದು ಆಜ್ಞಾಪಿಸುವ ಮುನ್ನ ಅವನಿಗೊಂದು ಮಣೆಯನ್ನು ಹಾಕಿಸಿದರೆ ಏನಾಗುವುದೆಂದು ಅವರು ನೋಡಬಹುದು.

ಈಗ ನಮ್ಮ ಮನೆಗಳಿಂದಲೂ ಮಕ್ಕಳು ಈ ಎರಡು ದಿಕ್ಕಿಗೂ ಹೊರಡುತ್ತಿದ್ದಾರೆ. ವೈದ್ಯವಿದ್ಯೆಗೆಂದು ರಷ್ಯಾಕ್ಕೆ, ಯಂತ್ರವಿದ್ಯೆಗೆಂದೂ ಉದ್ಯೋಗಕ್ಕೆಂದೂ ಅಮೇರಿಕೆಗೆ. ಒಬ್ಬನು ‘ಇಲ್ಲಿ ಯಾರೂ ನನ್ನ ಮುಖ ನೋಡಿ ನಗುವುದಿಲ್ಲ’ ಎಂದು ಕೊರಗಬಹುದು. ಇನ್ನೊಬ್ಬನು ‘ಇಲ್ಲಿ ಎಲ್ಲರೂ ನಗುತ್ತಾರೆ, ಗೆಳೆಯನೆಂಬವನು ಒಬ್ಬನೂ ಇಲ್ಲ’ ಎಂದು ಕೊರಗಬಹುದು. ರಷ್ಯಾಕ್ಕೆ ಹೋದವನಿಗೆ ತಾಯಿತಂದೆಗಳು ಹೇಳಬೇಕಾದುದು ಇಷ್ಟು: ಟ್ರಾಮಿನಲ್ಲಿ ಇದಿರು ಕುಳಿತ ಮುದುಕಿಯ ಬಿಗಿದ ಮುಖವು ನಿನ್ನ ಮೇಲಣ ಹಗೆಯಲ್ಲ, ದಾರಿಯನ್ನು ಕೇಳಿ ನೋಡು. ಆ ನಾಡಿನ ಮನೆಯೊಳಕ್ಕೆ ಅತಿಥಿಯಾಗಿ ಒಮ್ಮೆ ಕರೆಸಿಕೊಂಡವನು, ಬೀದಿಯಲ್ಲಿ ಕಲ್ಲಿನಂತಿದ್ದ ಯಜಮಾನನೇ ಮೇಜಿನ ತುಂಬ ತಿನಿಸುಗಳನ್ನು ಹರಡಿ, ನಡುರಾತ್ರಿಯವರೆಗೆ ಏಳಗೊಡದೆ, ನಕ್ಕು ನಗಿಸುವುದನ್ನು ಕಾಣುತ್ತಾನೆ. ಅಮೇರಿಕೆಗೆ ಹೋದವನಿಗೆ ಹೇಳಬೇಕಾದ ಮಾತು ಬೇರೆ. ಅಂಗಡಿಯಲ್ಲಿ ಕುಶಲವನ್ನು ಕೇಳಿದ ಹುಡುಗಿಗೆ ‘ಚೆನ್ನಾಗಿದ್ದೇನೆ’ ಎಂದು ಉತ್ತರಕೊಟ್ಟು, ಅವಳಿಗೆ ಮನೆಗೆ ಹೋಗುವ ಹೊತ್ತು ಎಷ್ಟಕ್ಕೋ ಎಂಬುದನ್ನು ನೆನೆದು, ಹಿಂದಿನವರಿಗೆ ಜಾಗವನ್ನು ಬಿಟ್ಟು ಬೇಗನೆ ಹೊರಡಲಿ.