ದಪ್ಪ ಪುಸ್ತಕಗಳನ್ನು ಎಷ್ಟು ನಂಬಬೇಕು?

ಇತಿಹಾಸವನ್ನು ನಾವು ಶಾಸ್ತ್ರವಾಗಿ ಕಲಿತವರಲ್ಲ. ನಮ್ಮ ಕೆಲಸ ಕತೆ ಬರೆಯುವುದು. ಆದರೆ ಕತೆ ಬರೆಯುವವನಿಗೂ ಒಂದು ಪದದ ಹುಟ್ಟು, ಒಂದು ಊರಿನ ಹಳೆಯ ಹೆಸರು, ಒಂದು ಯುದ್ಧ ನಡೆದ ವರ್ಷ ಬೇಕಾಗುತ್ತದೆ. ಆಗ ನಿಘಂಟು, ಗೆಝೆಟಿಯರ್, ಇತಿಹಾಸದ ಸಂಪುಟಗಳ ಮೊರೆ ಹೋಗುತ್ತೇವೆ. ಅವುಗಳಲ್ಲಿ ಇರುವುದನ್ನು ಪರೀಕ್ಷಿಸುವ ಶಕ್ತಿ ನಮಗಿಲ್ಲ. ಶಾಸನ ಓದಲು ಬಾರದು, ಫಾರ್ಸಿ ಅರೆಬರೆ. ಹೀಗಿರುವಾಗ ನಮ್ಮಂಥ ಓದುಗರು ಯಾರನ್ನು ನಂಬಬೇಕು? ನಂಬಿದ್ದನ್ನು ನಾಲ್ಕು ಜನರ ಮುಂದೆ ಹೇಳಿದಾಗ ಅದರ ಹೊಣೆ ಪುಸ್ತಕದ್ದೋ ನಮ್ಮದೋ?

ನಿಘಂಟುಗಳ ಮಟ್ಟಿಗೆ ನಮ್ಮ ಅಳತೆಗೋಲು ಸರಳ. ಪದ ಎಲ್ಲಿಂದ ಬಂತೆಂದು ಹೇಳುವ ನಿಘಂಟು ಒಳ್ಳೆಯದು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಹೊರತಂದ ಕಿಟೆಲ್ ನಿಘಂಟು ಇಂದಿಗೂ ಬೇಸರ ತರಿಸದಿರುವುದು ಈ ಕಾರಣಕ್ಕೆ. ಇದು ಹಿಂದೂಸ್ತಾನಿಯಿಂದ ಬಂದದ್ದು, ಇದು ಮರಾಠಿಯದು ಎಂದು ಆತ ಗುರುತು ಹಾಕುತ್ತಾನೆ. ಉರ್ದುವಿಗೆ ಪ್ಲಾಟ್ಸ್ 1884ರಲ್ಲಿ ಮಾಡಿದ್ದೂ ಇದನ್ನೇ. ಪದ ಅರಬಿಯದೋ ಫಾರ್ಸಿಯದೋ ಸಂಸ್ಕೃತದ್ದೋ ಎಂಬುದನ್ನು ಒಂದು ಅಕ್ಷರದಲ್ಲಿ ಸೂಚಿಸುತ್ತಾನೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳು ಹಳೆಯ ಕಾವ್ಯ, ಶಾಸನಗಳಿಂದ ಪ್ರಯೋಗಗಳನ್ನೇ ಎತ್ತಿ ಕೊಡುತ್ತವೆ. (ಮಲಗಿಕೊಂಡು ಓದುವಂತಿಲ್ಲ, ಎದೆಯ ಮೇಲಿಟ್ಟರೆ ಉಸಿರುಗಟ್ಟುತ್ತದೆ.) ಉರ್ದು ಶಾಲೆ ಕಲಿತವರ ಮನೆಗಳಲ್ಲಿ ಕಾಣುವ ಫಿರೋಝುಲ್ಲುಗಾತ್ ಕೈಗೆ ಬೇಗ ಸಿಗುವ ಪುಸ್ತಕ, ಅಷ್ಟೇ. ಒಂದು ಪದಕ್ಕೆ ಇನ್ನೆರಡು ಪದ ಕೊಟ್ಟು ನಮ್ಮನ್ನು ಬಾಗಿಲಲ್ಲೇ ಬೀಳ್ಕೊಡುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗಳ ‘ಸಾಮಾನ್ಯ ಜ್ಞಾನ’ದ ಪುಸ್ತಕಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಆದರೆ ನಿಘಂಟಿನ ತಪ್ಪು ಹೆಚ್ಚೆಂದರೆ ಒಂದು ವಾಕ್ಯವನ್ನು ಕೆಡಿಸೀತು. ಇತಿಹಾಸದ ಪುಸ್ತಕದ ತಪ್ಪು ಊರನ್ನೇ ಕೆಡಿಸಬಲ್ಲದು.

ಫೆರಿಶ್ತಾನನ್ನು ತೆಗೆದುಕೊಳ್ಳೋಣ. 1589ರಲ್ಲಿ ಬಿಜಾಪುರಕ್ಕೆ ಬಂದು, ಇಮ್ಮಡಿ ಇಬ್ರಾಹೀಂ ಆದಿಲ್ ಶಾನ ಆಶ್ರಯದಲ್ಲಿ ದೊಡ್ಡ ಇತಿಹಾಸ ಬರೆದವನು. ಬಹಮನಿ ದೊರೆ ಮುಹಮ್ಮದ್ ಷಾ ವಿಜಯನಗರದ ಮೇಲೆ ಮಾಡಿದ ಯುದ್ಧಗಳಲ್ಲಿ ಸುಮಾರು ಐದು ಲಕ್ಷ ‘ಕಾಫಿರ’ರು ಸತ್ತರೆಂದೂ ಕರ್ನಾಟಕದ ಸೀಮೆ ಬಹುಕಾಲ ಚೇತರಿಸಿಕೊಳ್ಳಲಿಲ್ಲವೆಂದೂ ಆತ ಬರೆಯುತ್ತಾನೆ. ಯುದ್ಧ ನಡೆದದ್ದು 1366-67ರ ಸುಮಾರಿಗೆ, ಫೆರಿಶ್ತಾ ಬರೆದದ್ದು ಅದಾಗಿ ಇನ್ನೂರ ನಲವತ್ತು ವರ್ಷಗಳ ಮೇಲೆ. ದೊರೆಯನ್ನು ಹೊಗಳುವುದಕ್ಕಾಗಿ ಬೆಳೆಸಿದ ಸಂಖ್ಯೆ ಇದು. 1829ರಲ್ಲಿ ಬ್ರಿಗ್ಸ್ ಇಂಗ್ಲಿಷಿಗೆ ತಂದ ಬಳಿಕ ಅದೇ ಸಂಖ್ಯೆ ಆರೋಪಪಟ್ಟಿಯಾಯಿತು. ಅಂದು ಬಿರುದಾಗಿದ್ದದ್ದು ಇಂದು ಯಾವುದೋ ಹಳ್ಳಿಯ ಪಿಂಜಾರನ ಕೊರಳಿಗೆ ಬಿದ್ದಿದೆ.

ಹಾಗಾದರೆ ಫೆರಿಶ್ತಾ ಸುಳ್ಳುಗಾರನೆಂದು ಬದಿಗಿಡೋಣವೇ? ನಮ್ಮವರಲ್ಲಿ ಹಾಗೆನ್ನುವವರಿದ್ದಾರೆ. ಆದರೆ ಸೌಹಾರ್ದ ಸಭೆಗಳಲ್ಲಿ ಅವರೇ ಪ್ರೀತಿಯಿಂದ ಹೇಳುವ ಇನ್ನೊಂದು ಸಂಗತಿಯಿದೆ. ವಿಜಯನಗರದ ದೇವರಾಯ ಮುಸ್ಲಿಮರನ್ನು ಸೈನ್ಯಕ್ಕೆ ಸೇರಿಸಿಕೊಂಡ, ಅವರಿಗೆ ಮಸೀದಿ ಕಟ್ಟಿಸಿಕೊಟ್ಟ, ಅವರು ಅಳುಕಿಲ್ಲದೆ ವಂದಿಸಲೆಂದು ತನ್ನ ಸಿಂಹಾಸನದ ಮುಂದೆ ಕುರ್‌ಆನ್ ಇಡಿಸಿದ. ಇದನ್ನು ಬರೆದವನೂ ಫೆರಿಶ್ತಾನೇ! ಅತ್ತ ಐದು ಲಕ್ಷವನ್ನು ಬಾಯಿಪಾಠ ಮಾಡಿದವರು ಈ ಪುಟವನ್ನು ತಿರುವಿಹಾಕುತ್ತಾರೆ. ಇತ್ತ ಈ ಪುಟವನ್ನು ಮೆಚ್ಚಿದವರು ಆ ಪುಟ ಬಂದಾಗ ‘ಅದು ಉತ್ಪ್ರೇಕ್ಷೆ’ ಎನ್ನುತ್ತಾರೆ. ಕೊಳ್ಳುವಾಗ ಒಂದು ತಕ್ಕಡಿ, ಮಾರುವಾಗ ಇನ್ನೊಂದು ಇಟ್ಟುಕೊಂಡ ಅಂಗಡಿಯವನಿಗೆ ನಾವು ಏನೆನ್ನುತ್ತೇವೆ?

ಸಾಕ್ಷಿಯನ್ನು ತೂಗುವ ವಿದ್ಯೆ ನಮಗೆ ಹೊಸದಲ್ಲ. ಹದೀಸ್ ಸಂಗ್ರಹಿಸಿದವರು ಮಾತಿಗಿಂತ ಮೊದಲು ‘ಯಾರು ಯಾರಿಂದ ಕೇಳಿದರು’ ಎಂದು ವಿಚಾರಿಸಿದರು. ಇಬ್ನ್ ಖಲ್ದೂನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. 1377ರಲ್ಲಿ ಬರೆದ ‘ಮುಖದ್ದಿಮಾ’ದ ಆರಂಭದಲ್ಲೇ ಆತ ಹಿಡಿದುಕೊಂಡದ್ದು ಸಂಖ್ಯೆಗಳನ್ನು. ಪ್ರವಾದಿ ಮೂಸಾರ ಜೊತೆ ಆರು ಲಕ್ಷ ಯೋಧರಿದ್ದರೆಂದು ಮಸ್ಊದಿಯಂಥ ಹಿರಿಯನೇ ಬರೆದಿದ್ದ. ಅಷ್ಟು ಮಂದಿ ಸಾಲುಗಟ್ಟಿದರೆ ಕಣ್ಣಿಗೆ ಕಾಣುವಷ್ಟು ದೂರವನ್ನೂ ಮೀರುತ್ತದೆ, ಒಂದು ತುದಿಯಲ್ಲಿ ಏನಾಗುತ್ತಿದೆಯೆಂದು ಇನ್ನೊಂದು ತುದಿಗೆ ತಿಳಿಯದು, ಯುದ್ಧ ಮಾಡುವುದು ಹೇಗೆ ಎಂದು ಕೇಳಿದ. ಇದಕ್ಕೆ ಯಾವ ವಿಶ್ವವಿದ್ಯಾಲಯದ ಪದವಿ ಬೇಕು? ಸಂತೆಗೆ ಹೋಗಿಬಂದವನೂ ಕೇಳಬಹುದಾದ ಪ್ರಶ್ನೆ. ಸುಳ್ಳು ಸುದ್ದಿಗೆ ಪಕ್ಷಪಾತವೇ ಕಾರಣವೆಂದು ಆತ ತನ್ನ ಪಟ್ಟಿಯಲ್ಲಿ ಮೊದಲು ಹೆಸರಿಸಿದ್ದೂ ಇಲ್ಲಿ ನೆನಪಾಗುತ್ತದೆ.

ವಿಜಯನಗರದ ಬಗ್ಗೆ 1900ರಲ್ಲಿ ಪುಸ್ತಕ ಬರೆದ ರಾಬರ್ಟ್ ಸಿವೆಲ್ ನಮಗೆ ಹಿಡಿಸುವುದೂ ಹಿಡಿಸದಿರುವುದೂ ಇದೇ ಲೆಕ್ಕದಲ್ಲಿ. ರಾಯಚೂರು ಯುದ್ಧ 1522ರಲ್ಲಿ ನಡೆಯಿತೆಂದು ಪೋರ್ಚುಗೀಸ್ ನ್ಯೂನಿಝ್ ಬರೆದಿದ್ದಾನೆ. ಅಂದು ಶನಿವಾರ, ಅಮಾವಾಸ್ಯೆ ಎಂದೂ ಸೇರಿಸಿದ್ದಾನೆ. ಸಿವೆಲ್ ಪಂಚಾಂಗದ ಲೆಕ್ಕ ಹಾಕಿ, ವಾರವೂ ತಿಥಿಯೂ ಕೂಡಿಬರುವುದು 1520ರ ಮೇ 19ಕ್ಕೆ ಎಂದು ತೋರಿಸಿದ. ಲೆಕ್ಕ ನಮ್ಮ ಮುಂದಿದೆ, ಬೇಕಾದವರು ಮತ್ತೆ ಮಾಡಿ ನೋಡಬಹುದು. ಇದೇ ಸಿವೆಲ್ ಪುಸ್ತಕದ ಆರಂಭದಲ್ಲಿ ವಿಜಯನಗರವನ್ನು ಮುಸ್ಲಿಮರ ವಿರುದ್ಧದ ಹಿಂದೂ ಕೋಟೆಯೆಂದು ಸಲೀಸಾಗಿ ಕರೆದುಬಿಡುತ್ತಾನೆ. ಆ ಮಾತಿಗೆ ಆತ ಯಾವ ಪಂಚಾಂಗವನ್ನೂ ನೋಡಲಿಲ್ಲ. ನೂರು ವರ್ಷಗಳಿಂದ ಜನ ನೆನಪಿಟ್ಟುಕೊಂಡದ್ದು ಮಾತ್ರ ಅದನ್ನೇ.

ಐದು ಲಕ್ಷದ ಸಂಖ್ಯೆ ಇಬ್ನ್ ಖಲ್ದೂನನ ಪ್ರಶ್ನೆಯ ಮುಂದೆ ನಿಲ್ಲುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಅದೇ ನ್ಯಾಯದಲ್ಲಿ ದೇವರಾಯನ ಕತೆಯನ್ನೂ ಕಟಕಟೆಗೆ ನಿಲ್ಲಿಸಬೇಕು. ಅದರ ಅರ್ಧಭಾಗಕ್ಕೆ ಕಲ್ಲಿನ ಸಾಕ್ಷಿಯಿದೆ. ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಎಂಬಾತ 1439ರಲ್ಲಿ ಹಂಪಿಯಲ್ಲಿ ಕಟ್ಟಿಸಿದ ಮಸೀದಿ ಈಗಲೂ ಇದೆ. ಗುಮ್ಮಟವಿಲ್ಲ, ಮಿನಾರಿಲ್ಲ, ಕಂಬಗಳ ಮಂಟಪದಂತೆ ಕಾಣುತ್ತದೆ. ಅಲ್ಲಿನ ಕನ್ನಡ ಶಾಸನ ಅದನ್ನು ಧರ್ಮಸಾಲೆ ಎಂದು ಕರೆಯುತ್ತದೆ, ದೇವರಾಯನ ಪುಣ್ಯಕ್ಕಾಗಿ ಕಟ್ಟಿಸಿದ್ದೆಂದು ಹೇಳುತ್ತದೆ. ಸಿಂಹಾಸನದ ಮುಂದಿನ ಕುರ್‌ಆನಿನ ಮಾತು ಆ ಕಲ್ಲಿನಲ್ಲಿಲ್ಲ. ಅದನ್ನು ಮುಂದಿನ ಸಭೆಯಲ್ಲಿ ಹೇಳುವವರು ‘ಫೆರಿಶ್ತಾ ಹೀಗೆ ಬರೆದಿದ್ದಾನೆ’ ಎಂಬ ಮೂರು ಪದಗಳನ್ನು ಸೇರಿಸಿದರೆ ಕತೆಯ ಸೊಗಸೇನೂ ಕಡಿಮೆಯಾಗದು.