ಪೊಟ್ಟಣದೊಳಗಿನ ಬೇರು-ನಾರು

ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿನಲ್ಲಿ ಗಿಡಮೂಲಿಕೆಯ ಅಂಗಡಿಗಳು ಇಂದಿಗೂ ಇವೆ. ಗೋಡೆಯುದ್ದಕ್ಕೂ ಮರದ ಪುಟ್ಟ ಪುಟ್ಟ ಖಾನೆಗಳು. ಒಂದನ್ನು ಎಳೆದರೆ ಒಣಗಿದ ಕಿತ್ತಳೆ ಸಿಪ್ಪೆ, ಇನ್ನೊಂದರಲ್ಲಿ ಜ್ಯೇಷ್ಠಮಧು, ಮತ್ತೊಂದರಲ್ಲಿ ಜಿನ್ಸೆಂಗ್ ಬೇರು. ಅಂಗಡಿಯವರು ಒಂದೊಂದನ್ನೂ ತೂಗಿ, ಕಾಗದದ ಮೇಲೆ ಗುಡ್ಡೆ ಹಾಕಿ, ದಿನಕ್ಕೊಂದರಂತೆ ಪೊಟ್ಟಣ ಕಟ್ಟಿಕೊಡುತ್ತಾರೆ. ನಮ್ಮ ಹಳೆಯ ಗ್ರಂಧಿಗೆ ಅಂಗಡಿ ನೋಡಿದವರಿಗೆ ಆ ವಾಸನೆ ಹೇಗಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಅಲ್ಲಿಗೆ ಬರುವವರೆಲ್ಲ ಹಳೆಯ ಕಾಲದ ಅಜ್ಜಿಯರೇ ಎಂದುಕೊಳ್ಳಬೇಡಿ. ಓದಿದವರು, ವಿಮೆಯಿದ್ದವರು, ಪಕ್ಕದ ಬೀದಿಯಲ್ಲೇ ದೊಡ್ಡ ಆಸ್ಪತ್ರೆ ಇರುವವರೂ ಬರುತ್ತಾರೆ. ಅಷ್ಟು ಮುಂದುವರಿದ ದೇಶದಲ್ಲಿದ್ದೂ ಇವರಿಗೇಕೆ ಕಷಾಯದ ಹುಚ್ಚು ಎಂದು ಮೂಗು ಮುರಿಯುವುದು ಸುಲಭ.

ಮೊದಮೊದಲು ಅದು ಹುಚ್ಚಲ್ಲ, ಗತಿ. ಚಿನ್ನದ ಗಣಿ, ರೈಲು ಹಳಿಯ ಕೆಲಸಕ್ಕೆಂದು ಬಂದ ಚೀನೀಯರಿಗೆ ಬಿಳಿಯರ ಆಸ್ಪತ್ರೆಗಳು ಬಹುಮಟ್ಟಿಗೆ ಮುಚ್ಚಿದ ಬಾಗಿಲೇ ಆಗಿದ್ದವು. 1882ರ ಕಾಯ್ದೆಯಂತೂ ಹೊಸ ಕೂಲಿಗಳು ದೇಶದೊಳಗೆ ಕಾಲಿಡುವುದನ್ನು ತಡೆಯಿತು, ಇದ್ದವರಿಗೆ ಪೌರತ್ವ ಕೊಡುವುದಿಲ್ಲ ಎಂದಿತು. ಅದು ರದ್ದಾದದ್ದು 1943ರಲ್ಲಿ. ಕಾಯುತ್ತ ಕೂರುವ ಬದಲು ಚೈನಾಟೌನಿನ ಸಂಘಗಳು ತಾವೇ ಹಣ ಕೂಡಿಸಿ ಒಂದು ಔಷಧಾಲಯ ನಡೆಸಿದವು. ಚೀನೀ, ಪಾಶ್ಚಾತ್ಯ ಎರಡೂ ಪದ್ಧತಿಯ ಮದ್ದು ಅಲ್ಲಿ ಸಿಗುತ್ತಿತ್ತು. 1925ರಲ್ಲಿ ಅದರ ಮುಂದುವರಿಕೆಯಾಗಿ ತಮ್ಮದೇ ಆಸ್ಪತ್ರೆಯನ್ನೂ ಕಟ್ಟಿಕೊಂಡರು.

ಆರೆಗನ್ ರಾಜ್ಯದ ಜಾನ್ ಡೇ ಎಂಬ ಸಣ್ಣ ಊರಿನ ಕಥೆ ಇನ್ನೂ ಸೊಗಸಾದದ್ದು. 1880ರ ದಶಕದ ಕೊನೆಯಲ್ಲಿ ಅಲ್ಲಿ ನೆಲೆನಿಂತ ಇಂಗ್ ಹೇ ಎಂಬ ವೈದ್ಯ, ಗೆಳೆಯ ಲುಂಗ್ ಆನ್ ಜೊತೆ ಕಾಮ್ ವಾ ಚುಂಗ್ ಎಂಬ ಅಂಗಡಿ ನಡೆಸಿದ. ದಿನಸಿ, ಪತ್ರ ಬರೆಸುವುದು, ದೇವರ ಗೂಡು, ಮದ್ದು ಎಲ್ಲವೂ ಒಂದೇ ಸೂರಿನಡಿ. ಇಂಗ್ ಹೇ ಮಣಿಕಟ್ಟು ಹಿಡಿದು ನಾಡಿ ನೋಡಿ ಮದ್ದು ಕೊಡುತ್ತಿದ್ದ. ಇಂಗ್ಲಿಷ್ ಚೆನ್ನಾಗಿ ಬಲ್ಲ ಲುಂಗ್ ಆನ್ ಮಾತಿಗೆ ನೆರವಾಗುತ್ತಿದ್ದ. ಚಿನ್ನ ಮುಗಿದು ಚೀನೀಯರು ಚದುರಿದ ಮೇಲೂ ಅಂಗಡಿ ಮುಚ್ಚಲಿಲ್ಲ, ಏಕೆಂದರೆ ಅಷ್ಟರಲ್ಲಿ ಸುತ್ತಲಿನ ಬಿಳಿಯ ದನಗಾಹಿಗಳೇ ಅವನ ಕೈಗುಣ ನಂಬಿ ಬರತೊಡಗಿದ್ದರು. ಇಂಗ್ ಹೇ 1952ರಲ್ಲಿ ತೀರಿಕೊಂಡ. ವರ್ಷಗಟ್ಟಲೆ ಬೀಗ ಬಿದ್ದಿದ್ದ ಕಟ್ಟಡವನ್ನು ತೆರೆದಾಗ 500ಕ್ಕೂ ಹೆಚ್ಚು ಬಗೆಯ ಮೂಲಿಕೆಗಳು ಸಿಕ್ಕವು. ಅವನ ಮಂಚದ ಕೆಳಗೆ ರೋಗಿಗಳು ಕೊಟ್ಟ, ಬ್ಯಾಂಕಿಗೆ ಹೋಗದ ಚೆಕ್ಕುಗಳು ಸಿಕ್ಕವು. ಮೊತ್ತ ಸುಮಾರು 23,000 ಡಾಲರ್. ಕೊಟ್ಟವರ ಕಷ್ಟ ಗೊತ್ತಿದ್ದೇ ಅವನು ನಗದು ಮಾಡಿಸಲಿಲ್ಲವಂತೆ, ಹಾಗೆಂದು ಊರಿನವರು ಹೇಳುತ್ತಾರೆ. ಇಂಥ ವೈದ್ಯನನ್ನು ಬಿಟ್ಟು ಯಾರು ತಾನೇ ಬೇರೆ ಕಡೆ ಹೋದಾರು?

ಈಗ ಆಸ್ಪತ್ರೆಯ ಬಾಗಿಲು ತೆರೆದಿದೆ. ಆದರೆ ಹೆತ್ತ ಮರುಗಳಿಗೆಯೇ ಬಾಣಂತಿಯ ಮುಂದೆ ಐಸ್ ಹಾಕಿದ ನೀರಿನ ಲೋಟ ಇಟ್ಟರೆ ಚೀನೀ ಅತ್ತೆ ಬೆಚ್ಚುತ್ತಾಳೆ. ಅವರ ಲೆಕ್ಕದಲ್ಲಿ ತಿಂಗಳಿಡೀ ಶೀತ ತಾಗಬಾರದು, ಶುಂಠಿ ಹಾಕಿದ ಬಿಸಿ ಊಟವೇ ಆಗಬೇಕು. ಉಷ್ಣ-ಶೀತದ ಈ ಲೆಕ್ಕಾಚಾರ ನಮಗೂ ಹೊಸದಲ್ಲ. ಡಾಕ್ಟರ ಮುಂದೆ ಇದನ್ನೆಲ್ಲ ಹೇಳಿದರೆ ನಕ್ಕಾರು ಎಂದು ಅನೇಕರು ಬಾಯಿ ಬಿಡುವುದಿಲ್ಲ. ತೊಂದರೆ ಇರುವುದೇ ಇಲ್ಲಿ. ಬೇರು-ನಾರು ಎಂದ ಮಾತ್ರಕ್ಕೆ ನಿರಪಾಯವೇನಲ್ಲ. ಹೆಂಗಸರು ಮುಟ್ಟಿನ ತೊಂದರೆಗೆ, ರಕ್ತ ವೃದ್ಧಿಗೆ ಎಂದು ಸೇವಿಸುವ ಡಾಂಗ್ ಗುಯಿ ಬೇರು, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವ ಹೆಚ್ಚೀತು. ಮಾತ್ರೆ ಬರೆಯುವ ಮುನ್ನ "ಮನೆಯಲ್ಲಿ ಇನ್ನೇನು ತಗೋತೀರಮ್ಮ?" ಎಂದು ಮುಖ ಸಿಂಡರಿಸದೆ ಕೇಳುವ ಡಾಕ್ಟರಿಗೆ ಮಾತ್ರ ಈ ಬೇರಿನ ಸುದ್ದಿ ತಿಳಿಯುತ್ತದೆ. ನಮ್ಮ ಮನೆಯ ಹಿರಿಯರೂ ಲೇಹ್ಯ, ಕಷಾಯಗಳನ್ನು ಡಾಕ್ಟರರಿಂದ ಮುಚ್ಚಿಡುವವರೇ. ಮುಂದಿನ ಸಲ ಆಸ್ಪತ್ರೆಗೆ ಹೊರಡುವಾಗ ರಿಪೋರ್ಟುಗಳ ಜೊತೆಗೆ ಆ ಲೇಹ್ಯದ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಹೋಗೋಣ.